ಸವಳು ಹಿಡಿದ ಕುಂಡ: ಸಿಂಧನೂರಿನ ಒಂದು ಮನಿ ಪ್ಲಾಂಟ್ ಪ್ರಕರಣ

ಗಿಡ ಇದ್ದದ್ದು ಸಿಂಧನೂರಿನ ಒಂದು ಮನೆಯ ಮೊದಲ ಮಹಡಿಯ ಪಡಸಾಲೆಯಲ್ಲಿ, ಪೂರ್ವದ ಕಿಟಕಿಯಿಂದ ನಾಲ್ಕು ಅಡಿ ಒಳಗೆ. ಹಸಿರು-ಹಳದಿ ಎಲೆಯ ಸಾಮಾನ್ಯ ಮನಿ ಪ್ಲಾಂಟ್. 10 ಇಂಚಿನ ಪ್ಲಾಸ್ಟಿಕ್ ಕುಂಡ, ನಡುವೆ ಮೂರು ಅಡಿಯ ತೆಂಗಿನ ನಾರಿನ ಕಂಬ, ಕೆಳಗೆ ಅಗಲವಾದ ತಟ್ಟೆ. ದೀಪಾವಳಿ ಮುಗಿದ ಮೇಲೆ ಬೀದಿಗೆ ಬಂದ ನರ್ಸರಿ ಗಾಡಿಯಿಂದ ಕೊಂಡದ್ದು. ಈ ಭಾಗಕ್ಕೆ ಬರುವ ಬಹಳಷ್ಟು ಗಿಡಗಳಂತೆ ಇದೂ ಆಂಧ್ರದ ಕಡಿಯಂ ನರ್ಸರಿಗಳ ಕಡೆಯದು, ಬೇರಿನ ಸುತ್ತ ಕೆಂಪು ಜೇಡಿಮಣ್ಣಿನ ಗಟ್ಟಿ ಉಂಡೆ. ಮನೆಯವರು ಆ ಉಂಡೆಯನ್ನು ಹಾಗೇ ಇಟ್ಟು, ಸುತ್ತಲೂ ಹೊಲದ ಎರೆಮಣ್ಣು ಮತ್ತು ತಿಪ್ಪೆಗೊಬ್ಬರ ಅರ್ಧರ್ಧ ಬೆರೆಸಿ ತುಂಬಿದ್ದರು.

ಮಾರ್ಚ್‌ವರೆಗೆ ಗಿಡಕ್ಕೆ ಏನೂ ಕೊರತೆ ಇರಲಿಲ್ಲ. ಬಳ್ಳಿ ಕಂಬ ಹಿಡಿದು ಏರಿತ್ತು, ಗೆಣ್ಣಿನ ಬೇರುಗಳು ನಾರಿಗೆ ಕಚ್ಚಿಕೊಂಡಿದ್ದವು. ಏಪ್ರಿಲ್ ಕೊನೆಗೆ ಕೆಳಗಿನ ಎಲೆಗಳ ತುದಿ ಹಳದಿಯಾಗಿ, ಆಮೇಲೆ ಕಂದಾಗಿ ಸುಟ್ಟವು. ಕಂದು ಭಾಗಕ್ಕೂ ಹಸಿರಿಗೂ ನಡುವೆ ತೆಳ್ಳನೆಯ ಹಳದಿ ಗೆರೆ. ಮೇ ಎರಡನೇ ವಾರದ ಹೊತ್ತಿಗೆ ಸುಟ್ಟ ಅಂಚು ಕಂಬದ ಅರ್ಧದವರೆಗೂ ಏರಿತು. ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗಿ, ಹೊಳಪಿಲ್ಲದೆ ಬಂತು. ಮಧ್ಯಾಹ್ನ ಎರಡರ ಸುಮಾರಿಗೆ ಇಡೀ ಬಳ್ಳಿ ಜೋತು ಬೀಳುತ್ತಿತ್ತು. ಮುಟ್ಟಿದರೆ ಕುಂಡದ ಮಣ್ಣು ಮಾತ್ರ ಒದ್ದೆ.

ಮಣ್ಣು ಒದ್ದೆಯಿದ್ದೂ ಎಲೆ ಬಾಡುತ್ತಿದೆ ಎನ್ನುವುದೇ ಇಲ್ಲಿಯ ಮುಖ್ಯ ಸುಳಿವು. ಮನೆಯವರಿಗೆ ಕಂಡದ್ದು ಬಾಡುವಿಕೆ ಮಾತ್ರ, ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಗಿಡಕ್ಕೆ ಬಾಯಾರಿಕೆ ಎಂದುಕೊಂಡರು. ಅಲ್ಲಿಂದ ಮುಂದೆ ಮಾಡಿದ ಒಂದೊಂದು ಉಪಚಾರವೂ ಕಾಯಿಲೆಯನ್ನು ಹೆಚ್ಚಿಸಿತು.

ಮೊದಲು ನೀರು ಜಾಸ್ತಿ ಮಾಡಿದರು. ಚಳಿಗಾಲದಲ್ಲಿ ದಿನಕ್ಕೆ ಸರಾಸರಿ ಕಾಲು ಲೀಟರ್ ಬೀಳುತ್ತಿದ್ದದ್ದು ಅರ್ಧ ಲೀಟರ್ ಆಯಿತು. ತಟ್ಟೆಗೆ ಇಳಿದ ನೀರನ್ನು ಚೆಲ್ಲಲಿಲ್ಲ, ಗಿಡ ಮತ್ತೆ ಕುಡಿಯಲಿ ಎಂದು ಬಿಟ್ಟರು. ಆಮೇಲೆ ಬೆಳಿಗ್ಗೆ ಸಂಜೆ ಎಲೆಗೂ ಕಂಬಕ್ಕೂ ಬೋರಿನ ನೀರು ಸಿಂಪಡಿಸಿದರು, ಎಲೆ ಮೇಲೆ ಸುಣ್ಣದ ಬಿಳಿ ಚುಕ್ಕೆ ಕೂತವು. ತಂಪಿರಲಿ ಎಂದು ಕೂಲರಿನ ಗಾಳಿ ನೇರ ಬಡಿಯುವ ಜಾಗಕ್ಕೆ ಸರಿಸಿದರು. ಕೂಲರಿನ ತೊಟ್ಟಿ ತೊಳೆಯುವಾಗ ತಳದಲ್ಲಿ ಉಳಿದ ನೀರನ್ನೂ ಇದಕ್ಕೇ ಸುರಿದರು. ಕೊನೆಗೆ ಮನೆಯ ಹಿರಿಯರು ಭತ್ತಕ್ಕೆ ತಂದಿಟ್ಟ ರಾಸಾಯನಿಕ ಗೊಬ್ಬರ ಡಿಎಪಿಯಲ್ಲಿ ಒಂದು ಚಮಚ ಬೇರಿನ ಬುಡಕ್ಕೆ ಹಾಕಿದರು. ಅದಾದ ವಾರದೊಳಗೆ ಮೂರು ಎಲೆ ಒಟ್ಟಿಗೆ ಹಳದಿಯಾಗಿ ಉದುರಿದವು.

ಏನು ಕಾಯಿಲೆ ಅಲ್ಲ ಎಂದು ನೋಡುವುದು

ಮನಿ ಪ್ಲಾಂಟಿನ ಎಲೆ ಕೆಡುವ ಬಗೆ ಹಲವು. ಹತ್ತಿರದಿಂದ ನೋಡಿದರೆ ಒಂದೊಂದರ ಗುರುತು ಬೇರೆ.

ಬಿಸಿಲಿಗೆ ಸುಟ್ಟರೆ ಕಿಟಕಿಗೆ ಮುಖಮಾಡಿದ ಎಲೆಗಳ ನಡುಭಾಗದಲ್ಲಿ ಬಿಳಿಚಿದ, ಒಣಗಿದ ಮಚ್ಚೆ ಬೀಳುತ್ತದೆ, ನೆರಳಿನ ಕಡೆಯ ಎಲೆಗಳು ಚೆನ್ನಾಗಿರುತ್ತವೆ. ಇಲ್ಲಿ ಎಲ್ಲ ಕಡೆಯ ಎಲೆಗಳೂ ತುದಿಯಿಂದಲೇ ಸುಟ್ಟಿದ್ದವು. ಬೇರು ಕೊಳೆತಿದ್ದರೆ ಕೆಳಗಿನ ಎಲೆ ಅಂಚು ನಡು ಎನ್ನದೆ ಪೂರ್ತಿ ಹಳದಿಯಾಗುತ್ತದೆ, ತೊಟ್ಟು ಮೆತ್ತಗಾಗುತ್ತದೆ, ಮಣ್ಣು ಕೆದಕಿದರೆ ಚರಂಡಿ ವಾಸನೆ ಬರುತ್ತದೆ. ವಾಸನೆ ಇರಲಿಲ್ಲ. ನಿಜವಾದ ಬಾಯಾರಿಕೆಯಾದರೆ ಮಣ್ಣು ಕುಂಡದ ಗೋಡೆ ಬಿಟ್ಟು ಬಿರುಕು ಬಿಟ್ಟಿರುತ್ತದೆ, ಎರೆಮಣ್ಣಿನಲ್ಲಂತೂ ಬೆರಳು ಹೋಗುವಷ್ಟು. ನೀರು ಹಾಕಿದ ಕೆಲವೇ ತಾಸುಗಳಲ್ಲಿ ಎಲೆ ನೆಟ್ಟಗಾಗುತ್ತದೆ. ಇಲ್ಲಿ ನೀರು ಹಾಕಿದರೂ ಏಳುತ್ತಿರಲಿಲ್ಲ. ಬೇಸಿಗೆಯಲ್ಲಿ ಕೆಂಪು ನುಸಿಯ ಅನುಮಾನವೂ ಬರಬೇಕು: ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಎಲೆ ತಟ್ಟಿದರೆ ಧೂಳಿನಂಥ ಚುಕ್ಕೆಗಳು ಬಿದ್ದು ನಡೆದಾಡುತ್ತವೆ. ಹಾಳೆಯ ಮೇಲೆ ಏನೂ ಬೀಳಲಿಲ್ಲ. ಇನ್ನು ಒಣ ಗಾಳಿ. ಮನಿ ಪ್ಲಾಂಟ್ ಫ್ರೆಂಚ್ ಪಾಲಿನೇಷ್ಯಾದ ಮೊರಿಯಾ ದ್ವೀಪದ ಮೂಲದ್ದು, ಅಲ್ಲಿಯ ತೇವದ ಗಾಳಿಗೆ ಹೊಂದಿದ್ದು ನಿಜ. ಆದರೂ ಇದರ ಎಲೆ ದಪ್ಪ, ಮೇಲೆ ಮೇಣದ ಪದರ ಇದೆ. ಬೇರು ಸರಿಯಿದ್ದರೆ ಬರೀ ಒಣ ಗಾಳಿಗೆ ಈ ಪರಿ ಸುಡುವುದಿಲ್ಲ. ಗಿಡ ಸೊರಗಿದರೆ ಎಲ್ಲದಕ್ಕೂ ಗಾಳಿಯ ತೇವದ ಕೊರತೆಯನ್ನೇ ದೂರುವ ಅಭ್ಯಾಸ ಈಚೆಗೆ ಬೆಳೆದಿದೆ, ಅದರಿಂದ ಬೇರಿನ ಕಡೆ ನೋಡುವುದು ತಪ್ಪಿಹೋಗುತ್ತದೆ.

ಉಳಿದದ್ದು ಉಪ್ಪು. ಅದಕ್ಕೆ ಸಾಕ್ಷಿ ಕುಂಡದ ಮೇಲೆಯೇ ಇತ್ತು. ಕುಂಡದ ಅಂಚಿನ ಒಳಗೋಡೆಗೆ, ಮಣ್ಣಿನ ಮೇಲ್ಪದರಕ್ಕೆ, ನಾರಿನ ಕಂಬದ ಬುಡಕ್ಕೆ ಬಿಳಿ-ಹಳದಿ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಏಳುತ್ತಿತ್ತು. ಅದನ್ನು ಮೊದಲು ಗುರುತಿಸಿದವರು ಡಿಎಪಿ ಹಾಕಿದ ಹಿರಿಯರೇ. ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ ಸೊಸೆಗೆ ಹೇಳಿದರು:

“ಇದು ಸವಳವ್ವಾ. ನಮ್ಮ ಕೆಳಗಿನ ಹೊಲದಾಗ ಬ್ಯಾಸಿಗಿಗೆ ಹಿಂಗ ಬೆಳ್ಳಗ ಮ್ಯಾಲಕ್ಕ ಬರ್ತದಲ್ಲ, ಅದೇ ಇದು.”

“ಕುಂಡದಾಗ ಸವಳು ಎಲ್ಲಿಂದ ಬಂತು ಮಾವ?”

ಪ್ರಶ್ನೆ ಸರಿಯಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ರೈತರಿಗೆ ಸವಳು-ಜವಳು, ಎಂದರೆ ನೆಲ ಉಪ್ಪು ಹಿಡಿದು ಜೌಗಾಗುವುದು, ಹೊಸದಲ್ಲ. ನೀರು ಬಸಿದು ಹೋಗಲು ದಾರಿಯಿಲ್ಲದ ಎರೆಹೊಲದಲ್ಲಿ ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ನೆಲದಲ್ಲೇ ಉಳಿಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಯದೇ ಪ್ರತ್ಯೇಕ ಸಂಶೋಧನೆ ನಡೆಯುತ್ತದೆ. ತಟ್ಟೆಯಲ್ಲಿ ನೀರು ನಿಂತ ಕುಂಡದಲ್ಲೂ ನಡೆದದ್ದು ಇದೇ ಕ್ರಿಯೆ.

ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಬೇರಿಗೆ ಆ ನೀರನ್ನು ಎಳೆದುಕೊಳ್ಳುವುದು ಕಷ್ಟ. ಒದ್ದೆ ಮಣ್ಣಿನಲ್ಲಿ ನಿಂತೇ ಗಿಡ ಒಣಗುವುದು ಇದರಿಂದ. ಎಳೆದುಕೊಂಡ ನೀರಿನ ಜೊತೆ ಬಂದ ಉಪ್ಪು ಎಲೆಯ ತುದಿ ಮತ್ತು ಅಂಚಿನವರೆಗೆ ಸಾಗಿ, ನೀರು ಆವಿಯಾದ ಮೇಲೆ ಅಲ್ಲೇ ಕೂಡುತ್ತದೆ. ಹೆಚ್ಚು ಕಾಲ ನೀರು ಹಾಯಿಸಿದ ಹಳೆಯ ಎಲೆಗಳಲ್ಲಿ ಹೆಚ್ಚು ಕೂಡಿರುತ್ತದೆ, ಆದ್ದರಿಂದ ಕೆಳಗಿನವು ಮೊದಲು ಸುಡುತ್ತವೆ.

ಅಳತೆ ಮತ್ತು ಲೆಕ್ಕ

ಅಳೆಯಲು ಬೇಕಾದದ್ದು ಪೆನ್ನಿನಾಕಾರದ ಟಿಡಿಎಸ್ ಮೀಟರ್. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ರಿಪೇರಿ ಮಾಡುವವರೆಲ್ಲರ ಜೇಬಿನಲ್ಲಿ ಇರುತ್ತದೆ, ಕೊಂಡರೆ 200ರಿಂದ 500 ರೂಪಾಯಿ. ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಪಿಪಿಎಂ ಲೆಕ್ಕದಲ್ಲಿ, ಎಂದರೆ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಸುಮಾರಾಗಿ ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ 500, ಬೇರೆ ಮೂಲವೇ ಇಲ್ಲದಿದ್ದರೆ 2000. ಕುಂಡದ ಗಿಡಕ್ಕೆ ಆ 2000ದ ಮಿತಿ ಹಿಡಿದರೆ ಉಳಿಗಾಲವಿಲ್ಲ. ಮನಿ ಪ್ಲಾಂಟಿಗೆ ದಿನನಿತ್ಯ ಹಾಕುವ ನೀರು 400ರ ಒಳಗಿದ್ದರೆ ನೆಮ್ಮದಿ, 800 ದಾಟಿದರೆ ಕುಂಡ ತೊಳೆಯುವುದು ನಿಯಮವಾಗಬೇಕು.

ಈ ಮನೆಯ ನೀರುಗಳನ್ನು ಒಂದೊಂದಾಗಿ ಅಳೆದಾಗ ಸಿಕ್ಕಿದ್ದು: ನಳದ ನೀರು 260, ಬೋರಿನ ನೀರು 1150, ಆರ್‌ಒ ಯಂತ್ರದ ಶುದ್ಧ ನೀರು 60, ಅದೇ ಯಂತ್ರದ ಕೊಳವೆಯಿಂದ ಹೊರಬೀಳುವ ನೀರು 1590, ಕೂಲರ್ ತೊಟ್ಟಿಯ ತಳದ ನೀರು 2900.

ಗಿಡಕ್ಕೆ ಮೊದಲಿನಿಂದಲೂ ಬೀಳುತ್ತಿದ್ದದ್ದು ಆರ್‌ಒ ಯಂತ್ರದ ಹೊರನೀರು. ನೀರು ವ್ಯರ್ಥವಾಗಬಾರದೆಂದು ಅದನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಚಳಿಗಾಲದಲ್ಲಿ ಅದೇ ಬಕೆಟ್ಟು, ಅದೇ ಅಭ್ಯಾಸ ಏನೂ ಕೆಡಿಸಲಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಏಕೆ ಕೆಡಿಸಿತು ಎಂಬುದಕ್ಕೆ ಉತ್ತರ ಕಾಲುವೆಯಲ್ಲಿದೆ. ಊರಿನ ನಳಕ್ಕೆ ಬರುವುದು ಕಾಲುವೆಯಿಂದ ಕೆರೆಗೆ ತುಂಬಿಸಿಕೊಂಡ ನದಿ ನೀರು. ಬೇಸಿಗೆಗೆ ಕಾಲುವೆ ಬಂದ್ ಆಗುತ್ತದೆ, ಕೆರೆಯ ನೀರನ್ನು ಮಳೆಗಾಲದವರೆಗೆ ಎಳೆಯಬೇಕು, ನಳ ದಿನ ಬಿಟ್ಟು ದಿನ ಬಿಟ್ಟು ಬರುತ್ತದೆ. ಮೇಲಿನ ಟ್ಯಾಂಕಿಗೆ ಬೋರಿನ ನೀರು ಏರುತ್ತದೆ. ಆರ್‌ಒ ಯಂತ್ರಕ್ಕೆ ಹೋಗುವ ನೀರೇ ಬದಲಾಯಿತು.

ಇಲ್ಲಿಯ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಎರಡೂವರೆ ಲೀಟರ್ ಹೊರಗೆ ಬಿಡುತ್ತದೆ. ಮೂರೂವರೆ ಲೀಟರ್ ನೀರಿನ ಉಪ್ಪು ಹೆಚ್ಚುಕಡಿಮೆ ಪೂರ್ತಿ ಆ ಎರಡೂವರೆ ಲೀಟರಿನಲ್ಲಿ ಸೇರುತ್ತದೆ. ಒಳಹೋದದ್ದು 260ರ ನದಿ ನೀರಾದರೆ ಹೊರಬರುವುದು ಸುಮಾರು 360. ಅದು ಗಿಡಕ್ಕೆ ನಡೆಯುತ್ತದೆ. ಒಳಹೋದದ್ದು 1150ರ ಬೋರಿನ ನೀರಾದರೆ ಹೊರಬರುವುದು ಸುಮಾರು 1590.

ಈಗ ಗ್ರಾಂ ಲೆಕ್ಕ. ಚಳಿಗಾಲದಲ್ಲಿ ದಿನಕ್ಕೆ ಕಾಲು ಲೀಟರಿನಂತೆ 360ರ ನೀರು ಐದು ತಿಂಗಳು ಹಾಕಿದರೆ ಕುಂಡಕ್ಕೆ ಬೀಳುವ ಲವಣ ಸುಮಾರು 13 ಗ್ರಾಂ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಲೀಟರಿನಂತೆ 1590ರ ನೀರು ಹಾಕಿದರೆ ಅಷ್ಟೇ ಲವಣ 17 ದಿನಕ್ಕೆ ಬೀಳುತ್ತದೆ, ತಿಂಗಳಿಗೆ 24 ಗ್ರಾಂ. ಅಡುಗೆ ಉಪ್ಪಿನ ಲೆಕ್ಕದಲ್ಲಿ ನಾಲ್ಕು ಸಣ್ಣ ಚಮಚ. ತಟ್ಟೆಯ ನೀರು ಚೆಲ್ಲದ ಕಾರಣ ಅದು ಹೊರಹೋಗಲು ದಾರಿಯೇ ಇರಲಿಲ್ಲ. ಕೂಲರಿನ ಗಾಳಿ ಎಲೆಯಿಂದ ನೀರು ಆರುವ ವೇಗ ಹೆಚ್ಚಿಸಿತು, ನೀರು ಬೇಗ ಖಾಲಿಯಾಗಿ ಉಪ್ಪು ಇನ್ನಷ್ಟು ದಟ್ಟವಾಯಿತು. ಕೂಲರ್ ತೊಟ್ಟಿಯಲ್ಲೂ ಇದೇ ಕಥೆ: ನೀರು ಆವಿಯಾಗುತ್ತದೆ, ಮೇಲೆ ಮತ್ತೆ ಬೋರಿನ ನೀರು ತುಂಬುತ್ತಾರೆ, ತಳದಲ್ಲಿ ಉಪ್ಪು ಏರುತ್ತಲೇ ಇರುತ್ತದೆ. ಡಿಎಪಿ ಸ್ವತಃ ಒಂದು ಲವಣ. ಕರಗುವಾಗ ಕಾಳಿನ ಸುತ್ತ ಅಮೋನಿಯಾ ಬಿಡುತ್ತದೆ, ಕ್ಷಾರದ ಎರೆಮಣ್ಣಿನಲ್ಲಿ ಇದು ಇನ್ನೂ ಜಾಸ್ತಿ. ಎಕರೆ ಭೂಮಿಯಲ್ಲಿ ಹರಡಿದಾಗ ಹೊಂದುವ ಗೊಬ್ಬರ 8 ಲೀಟರ್ ಮಣ್ಣಿನ ಕುಂಡದಲ್ಲಿ ಬೇರಿನ ತುದಿಗಳನ್ನು ಸುಡುತ್ತದೆ.

ಕುಂಡದೊಳಗೆ ಎಷ್ಟು ಉಪ್ಪಿದೆ ಎಂದು ತಿಳಿಯಲು ಮಣ್ಣು ಅಗೆಯಬೇಕಿಲ್ಲ. ಸಂಜೆ ಮಾಮೂಲಿನಂತೆ ನೀರು ಹಾಕಿ ಒಂದು ತಾಸು ಬಿಡಬೇಕು. ತಟ್ಟೆ ಖಾಲಿ ಮಾಡಿ, ಕುಂಡವನ್ನು ಎರಡು ಇಟ್ಟಿಗೆ ಮೇಲೆ ಎತ್ತಿಟ್ಟು, ಕೆಳಗೆ ಶುಭ್ರ ಬಟ್ಟಲು ಇಡಬೇಕು. ಆರ್‌ಒ ಶುದ್ಧ ನೀರು 150 ಮಿಲಿಯನ್ನು ಮೇಲೆ ಸುತ್ತಲೂ ನಿಧಾನ ಸುರಿದರೆ, ಒಳಗೆ ಬೇರಿನ ಬಳಿ ಇದ್ದ ನೀರು ಕೆಳಗೆ ತಳ್ಳಿಸಿಕೊಂಡು ಬರುತ್ತದೆ. ಮೊದಲು ಇಳಿದ 50 ಮಿಲಿಯನ್ನಷ್ಟೇ ಅಳೆಯಬೇಕು. ಮನಿ ಪ್ಲಾಂಟಿಗೆ ಈ ಅಳತೆ 1000ದ ಒಳಗಿರಬೇಕು. ಇಲ್ಲಿ ಬಂದದ್ದು 3860.

ತೊಳೆಯುವುದು

ಇಂಥ ಗಿಡ ಕಂಡ ತಕ್ಷಣ ಮಣ್ಣು ಬದಲಿಸಿ ಎನ್ನುವವರೇ ಹೆಚ್ಚು. ಮೇ ತಿಂಗಳ ಸಿಂಧನೂರಿನಲ್ಲಿ ಅದು ಅಪಾಯದ ಸಲಹೆ. ಅರ್ಧ ಬೇರು ಈಗಾಗಲೇ ಕೆಲಸ ಬಿಟ್ಟಿದೆ. ಎರೆಮಣ್ಣು ಬಿಡಿಸುವಾಗ ಉಳಿದ ಎಳೆಬೇರು ಹರಿದರೆ ಆ ಬಿಸಿಗೆ ಬಳ್ಳಿ ಏಳುವುದು ಕಷ್ಟ. ಮೊದಲು ಉಪ್ಪು ಇಳಿಸಿ, ಮಳೆ ಬಿದ್ದು ತಂಪಾದ ಮೇಲೆ ಮಣ್ಣು ಬದಲಿಸುವುದೇ ಸರಿಯಾದ ಕ್ರಮ. ಒಂದು ಷರತ್ತಿದೆ: ಸುರಿದ ನೀರು ಅರ್ಧ ತಾಸಿನೊಳಗೆ ಒಳಗಿಳಿಯಬೇಕು. ಅದಕ್ಕೂ ಮೀರಿ ಮೇಲೆ ನಿಂತರೆ ಮಣ್ಣು ಸೋಡಿಯಂ ಹಿಡಿದು ಕೆಸರಾಗಿ ಮುಚ್ಚಿಕೊಂಡಿದೆ ಎಂದರ್ಥ, ಆಗ ಬಿಸಿಲು ಎಷ್ಟೇ ಇದ್ದರೂ ಮಣ್ಣು ಬದಲಿಸದೆ ಗತಿಯಿಲ್ಲ. ಹೊಲದಲ್ಲಿ ಇಂಥ ನೆಲಕ್ಕೆ ಜಿಪ್ಸಂ ಹಾಕುತ್ತಾರೆ. 8 ಲೀಟರ್ ಮಣ್ಣಿಗೆ ಅದರ ಗೊಡವೆ ಬೇಡ. ಜಿಪ್ಸಂ ಕರಗಿ ಮೀಟರಿನ ಅಂಕಿಯನ್ನೂ ಏರಿಸುತ್ತದೆ, ಉಪ್ಪು ಇಳಿಯಿತೋ ಇಲ್ಲವೋ ತಿಳಿಯದಂತಾಗುತ್ತದೆ.

ತೊಳೆಯುವ ಮೊದಲು ವಿಮೆಯಂತೆ ಮೂರು ಕಡ್ಡಿ ತೆಗೆದಿಡಲಾಯಿತು. ಕಂಬದ ಮೇಲ್ತುದಿಯ ಆರೋಗ್ಯದ ಬಳ್ಳಿಯಲ್ಲಿ ಗೆಣ್ಣಿನ ಕೆಳಗೆ ಎರಡು ಬೆರಳಗಲ ಬಿಟ್ಟು ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಆರ್‌ಒ ಶುದ್ಧ ನೀರಿಗೆ ಗೆಣ್ಣು ಮುಳುಗುವಂತೆ ಇಡಬೇಕು. ಬೇರು ಬರುವುದು ಗೆಣ್ಣಿನಿಂದ ಮಾತ್ರ. ಗೆಣ್ಣಿಲ್ಲದ ಎಲೆ ನೀರಿನಲ್ಲಿ ತಿಂಗಳುಗಟ್ಟಲೆ ಹಸಿರಿದ್ದರೂ ಬಳ್ಳಿಯಾಗದು. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿದರೆ ಎರಡು ಮೂರು ವಾರಕ್ಕೆ ಬೇರು ಕಾಣುತ್ತದೆ. ಕತ್ತರಿಸಿದ ಮೇಲೆ ಕೈ ತೊಳೆಯುವುದು ಮುಖ್ಯ. ಇದು ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದು, ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಕಣ್ಣಿಗೆ ಬಾಯಿಗೆ ತಾಗಿದರೆ ತುರಿಕೆ, ಊತ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಕತ್ತರಿಸಿದ ಎಲೆಗಳನ್ನು ನೆಲದ ಮೇಲೆ ಬಿಡಬಾರದು.

ಮಣ್ಣಿನ ಮೇಲಿನ ಒಂದು ಇಂಚು ಪೊರೆಯನ್ನು ಚಮಚದಿಂದ ಕೆರೆದು ಚೆಲ್ಲಲಾಯಿತು. ಇದನ್ನು ಮರೆತು ನೀರು ಸುರಿದರೆ ಮೇಲಿನ ಉಪ್ಪೆಲ್ಲ ಕರಗಿ ಬೇರಿನ ಬಳಿಗೇ ಇಳಿಯುತ್ತದೆ. ಕರಗದೆ ಉಳಿದ ಡಿಎಪಿ ಕಾಳುಗಳೂ ಈ ಪದರದಲ್ಲೇ ಸಿಕ್ಕವು.

ತೊಳೆಯಲು ಬೇಕಾದದ್ದು ಕುಂಡದ ಗಾತ್ರದ ಎರಡರಿಂದ ಮೂರು ಪಟ್ಟು ಒಳ್ಳೆಯ ನೀರು, ಇಲ್ಲಿ 20 ಲೀಟರ್. ನಳ ಬಂದ ದಿನವೇ ಹಿಡಿದಿಟ್ಟ 260ರ ನೀರನ್ನು ಬಳಸಲಾಯಿತು. ಕುಂಡವನ್ನು ಬಚ್ಚಲಿನಲ್ಲಿ ಇಟ್ಟಿಗೆ ಮೇಲಿಟ್ಟು, ಬೆಳಿಗ್ಗೆ, ಪ್ರತಿ ಹತ್ತು ನಿಮಿಷಕ್ಕೆ ಒಂದೊಂದು ಲೀಟರ್. ಒಮ್ಮೆಲೇ ಕೊಡ ಬಗ್ಗಿಸಿದರೆ ನೀರು ಕುಂಡದ ಗೋಡೆಗುಂಟ ಇಳಿದುಹೋಗುತ್ತದೆ, ಮಣ್ಣಿನ ಒಳಗಿನ ಉಪ್ಪು ಇದ್ದಲ್ಲೇ ಇರುತ್ತದೆ. ನಿಧಾನ ಸುರಿದರೆ ಹೆಂಟೆಯೊಳಗಿನ ಉಪ್ಪಿಗೆ ಕರಗಲು ಸಮಯ ಸಿಗುತ್ತದೆ. ಮೊದಲ ಲೀಟರುಗಳಲ್ಲಿ ಇಳಿದ ನೀರು ಚಹಾದ ಬಣ್ಣದ್ದು, ಮೇಲೆ ನೊರೆ. ಹತ್ತನೇ ಲೀಟರಿನ ಸುಮಾರಿಗೆ ತಿಳಿಯಾಯಿತು. ಕೊನೆಯಲ್ಲಿ ಇಳಿದ ನೀರು 1240 ತೋರಿಸಿತು.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಬಿಡುವವರು ಬಹಳ. ಮೂರು ದಿನ ಬಿಟ್ಟು ಮತ್ತೆ ಬಟ್ಟಲಿನ ಪರೀಕ್ಷೆ ಮಾಡಿದಾಗ ಅಂಕಿ 1700ಕ್ಕೆ ಏರಿತ್ತು. ಎರೆಮಣ್ಣಿನ ಹೆಂಟೆಗಳ ಒಳಗೆ, ಕಡಿಯಂನ ಕೆಂಪು ಉಂಡೆಯ ಒಳಗೆ ಸಿಕ್ಕಿಕೊಂಡಿದ್ದ ಉಪ್ಪು ನಿಧಾನವಾಗಿ ಹೊರಬಂದದ್ದು ಇದು. ಹಾಗಾಗಿ ಇಂಥ ಮಣ್ಣನ್ನು ಒಂದೇ ದಿನ 40 ಲೀಟರಿನಿಂದ ತೊಳೆಯುವುದಕ್ಕಿಂತ ವಾರ ಬಿಟ್ಟು ವಾರ ಹತ್ತು ಹನ್ನೆರಡು ಲೀಟರಿನಿಂದ ತೊಳೆಯುವುದು ಹೆಚ್ಚು ಫಲಕಾರಿ, ನೀರೂ ಉಳಿಯುತ್ತದೆ. ಎರಡನೇ ಸಲದ ನಂತರ 900, ಮೂರನೇ ಸಲದ ನಂತರ 620. ಎರಡು ತೊಳೆತದ ನಡುವೆ ಮಣ್ಣಿನ ಮೇಲಿನ ಎರಡು ಇಂಚು ಒಣಗಲೇಬೇಕು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸದಾ ಕೆಸರಾಗಿದ್ದರೆ ಉಪ್ಪಿನಿಂದ ಉಳಿದ ಗಿಡ ಕೊಳೆತದಿಂದ ಹೋಗುತ್ತದೆ.

ಈ ಹೊತ್ತಿನಲ್ಲಿ ಗೊಬ್ಬರ ಪೂರ್ತಿ ನಿಲ್ಲಿಸಲಾಯಿತು, ಸಾವಯವದ್ದೂ ಬೇಡ. ಗಿಡವನ್ನು ಕೂಲರಿನ ಎದುರಿನಿಂದ ತೆಗೆದು, ಕೂಲರ್ ಇರುವ ಅದೇ ಕೋಣೆಯಲ್ಲಿ ಗಾಳಿಯ ನೇರ ಹೊಡೆತಕ್ಕೆ ಸಿಗದ ಮೂಲೆಗೆ ಇಡಲಾಯಿತು. ಹೀಗೆ ಕೋಣೆಯ ತೇವದ ಲಾಭ ಸಿಗುತ್ತದೆ, ಗಾಳಿ ಬಡಿಯುವುದಿಲ್ಲ. ಎಲೆ ಮೇಲಿನ ಸುಣ್ಣದ ಚುಕ್ಕೆಗೆ ಒಂದು ಲೀಟರ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ, ಮೆತ್ತನೆ ಬಟ್ಟೆ ಅದ್ದಿ ಒರೆಸಿ, ಆಮೇಲೆ ಬರೀ ಶುದ್ಧ ನೀರಿನ ಬಟ್ಟೆಯಿಂದ ಒರೆಸಿದರೆ ಸಾಕು. ಅರ್ಧಕ್ಕಿಂತ ಹೆಚ್ಚು ಸುಟ್ಟ ಎಲೆ ಕತ್ತರಿಸಬೇಕು. ಬರೀ ತುದಿ ಸುಟ್ಟವನ್ನು ಹಾಗೇ ಬಿಡಬೇಕು, ಹಸಿರಿರುವಷ್ಟು ಭಾಗ ಗಿಡಕ್ಕೆ ಆಹಾರ ಮಾಡುತ್ತದೆ.

ಮಣ್ಣು ಬದಲಾವಣೆ

ಜುಲೈ ಕೊನೆಗೆ, ಕಾಲುವೆಗೆ ನೀರು ಬಂದು ನಳ ಮೊದಲಿನಂತಾದ ಮೇಲೆ ಇದನ್ನು ಮಾಡಲಾಯಿತು. ಎರೆಮಣ್ಣು ಹೊಲದಲ್ಲಿ ಬಂಗಾರ, ಕುಂಡದಲ್ಲಿ ಅಲ್ಲ. ಒದ್ದೆಯಾದಾಗ ಉಬ್ಬಿ ಗಾಳಿ ತಡೆಯುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ, ಸಹಜವಾಗಿಯೇ ಕ್ಷಾರದ್ದು. ಮನಿ ಪ್ಲಾಂಟ್ ಮರದ ತೊಗಟೆಗೆ ಬೇರು ಕಚ್ಚಿ ಏರುವ ಬಳ್ಳಿ, ಅದಕ್ಕೆ ಸಡಿಲ ಮಿಶ್ರಣವೇ ಒಗ್ಗುತ್ತದೆ.

8 ಲೀಟರ್ ಕುಂಡಕ್ಕೆ ಬಳಸಿದ ಅಳತೆ: ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) 3 ಲೀಟರ್, ಶೇಂಗಾ ಕಾಳಿನ ಗಾತ್ರದ ಇಟ್ಟಿಗೆ ಚೂರು 2 ಲೀಟರ್, ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಒಂದೂವರೆ ಲೀಟರ್, ಎರೆಹುಳು ಗೊಬ್ಬರ 1 ಲೀಟರ್, ದಪ್ಪ ಮರಳು ಅರ್ಧ ಲೀಟರ್.

ಇದರಲ್ಲಿ ಎರಡು ಕಡೆ ಎಚ್ಚರ ಬೇಕು. ಕೊಕೊಪೀಟ್ ಇಟ್ಟಿಗೆಯಲ್ಲೂ ಉಪ್ಪಿರುತ್ತದೆ, ತೆಂಗಿನ ನಾರಿನ ಸೋಡಿಯಂ ಮತ್ತು ಪೊಟ್ಯಾಸಿಯಂ. 650 ಗ್ರಾಂ ಇಟ್ಟಿಗೆಯನ್ನು ನಳದ ನೀರಿನಲ್ಲಿ ನೆನೆಸಿ ಹಿಂಡಿದ ಮೊದಲ ನೀರು ಇಲ್ಲಿ 1900 ತೋರಿಸಿತು. ಮೂರು ಸಲ ನೆನೆಸಿ ಹಿಂಡಿದ ಮೇಲೆ 480ಕ್ಕೆ ಇಳಿಯಿತು. ತೊಳೆಯದೆ ಬಳಸಿದ್ದರೆ ಹಳೆಯ ಕಾಯಿಲೆಯೇ ಹೊಸ ಮಣ್ಣಿನಲ್ಲಿ ಮುಂದುವರಿಯುತ್ತಿತ್ತು. ಎರಡನೆಯದು ಭತ್ತದ ಹೊಟ್ಟು. ಸಿಂಧನೂರು, ಕಾರಟಗಿ, ಗಂಗಾವತಿಯ ರೈಸ್ ಮಿಲ್ಲುಗಳ ಹತ್ತಿರ ಸುಟ್ಟ ಹೊಟ್ಟು ಸುಲಭವಾಗಿ ಸಿಗುತ್ತದೆ, ಆದರೆ ಬೇಕಾದದ್ದು ಆಕಾರ ಕೆಡದೆ ಕಪ್ಪಾಗಿರುವ ಇದ್ದಿಲು ಹೊಟ್ಟು. ಪೂರ್ತಿ ಉರಿದು ಬೂದು ಬಿಳಿಯಾದದ್ದು ಬೂದಿ. ಕ್ಷಾರ ಏರಿಸುತ್ತದೆ, ಗಿಡಕ್ಕೆ ಕಬ್ಬಿಣ ಸಿಗದಂತಾಗಿ ಹೊಸ ಎಲೆ ನರ ಮಾತ್ರ ಹಸಿರು ಉಳಿದು ಹಳದಿಯಾಗುತ್ತದೆ. ಕಪ್ಪು ಹೊಟ್ಟನ್ನೂ ಒಮ್ಮೆ ನೀರಿನಲ್ಲಿ ತೊಳೆದು ಜರಡಿ ಹಿಡಿಯಬೇಕು. ಇಟ್ಟಿಗೆ ಚೂರಿನ ಪುಡಿಯನ್ನೂ ಜರಡಿಯಲ್ಲಿ ತೆಗೆಯದಿದ್ದರೆ ಅದೇ ಕೆಳಗೆ ಕೂತು ಕೆಸರಾಗುತ್ತದೆ.

ಬೇರಿನ ಉಂಡೆಯನ್ನು ಅರ್ಧ ತಾಸು ಬಕೆಟ್ಟಿನಲ್ಲಿ ನೆನೆಸಿ, ಬೆರಳಿನಿಂದ ಮಣ್ಣು ಬಿಡಿಸಲಾಯಿತು. ಒಳಗಿನ ಕೆಂಪು ಉಂಡೆಯನ್ನು ಬಿಡಿಸುವುದು ತಾಳ್ಮೆಯ ಕೆಲಸ, ಆದರೆ ಬಿಡಿಸಲೇಬೇಕು. ಸುತ್ತ ಸಡಿಲ ಮಿಶ್ರಣ, ನಡುವೆ ಗಟ್ಟಿ ಜೇಡಿ ಇದ್ದರೆ ಒಂದು ಕಡೆ ಒಣಗಿದಾಗ ಇನ್ನೊಂದು ಕಡೆ ಕೆಸರು, ಯಾವಾಗ ನೀರು ಹಾಕಬೇಕೆಂದು ತಿಳಿಯುವುದೇ ಇಲ್ಲ. ಕಂದಾಗಿ, ಎಳೆದರೆ ಸಿಪ್ಪೆ ಜಾರಿ ದಾರದಂಥ ಎಳೆ ಉಳಿಯುವ ಬೇರು ಸತ್ತದ್ದು, ಕತ್ತರಿಸಿ ತೆಗೆಯಬೇಕು. ಕೆನೆ ಬಣ್ಣದ, ಗಟ್ಟಿಯಾದ ಬೇರು ಜೀವದ್ದು. ಇಲ್ಲಿ ಗೋಡೆಗುಂಟ ಇದ್ದ ಹಳೆಯ ಬೇರು ಬಹುಪಾಲು ಹೋಗಿತ್ತು, ತೊಳೆದ ಮೇಲೆ ಹುಟ್ಟಿದ ಎಳೆಬೇರು ಬಿಳಿಯಾಗಿ ಕಾಣುತ್ತಿತ್ತು.

ಕುಂಡದ ತಳದಲ್ಲಿ ಇದ್ದದ್ದು ಮೂರು ಸಣ್ಣ ತೂತು. ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಬೆರಳು ಗಾತ್ರದ ಎಂಟು ತೂತು ಮಾಡಲಾಯಿತು. ತಳಕ್ಕೆ ಜಲ್ಲಿಕಲ್ಲು ಹಾಕುವ ರೂಢಿಯನ್ನು ಬಿಡಬೇಕು. ನೀರು ಸಣ್ಣ ರಂಧ್ರದ ಮಣ್ಣಿನಿಂದ ದೊಡ್ಡ ರಂಧ್ರದ ಕಲ್ಲಿಗೆ ತಾನಾಗಿ ಇಳಿಯದು, ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಕಲ್ಲು ಹಾಕಿದಷ್ಟೂ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ. ತೂತಿಗೆ ಸೊಳ್ಳೆ ಪರದೆಯ ತುಂಡು ಸಾಕು. ಕಂಬದ ಬುಡದ ನಾರು ಉಪ್ಪು ಹಿಡಿದಿದ್ದರಿಂದ ಅದನ್ನೂ ಬಿಚ್ಚಿ ಹೊಸ ನಾರಿನ ಹಗ್ಗ ಸುತ್ತಲಾಯಿತು, ನೆನೆಸಿ ತೊಳೆದ ಮೇಲೆಯೇ. ಬಳ್ಳಿಯ ಗೆಣ್ಣು ಕಂಬಕ್ಕೆ ತಾಗುವಂತೆ ಹತ್ತಿ ದಾರದಿಂದ ಸಡಿಲ ಕಟ್ಟಬೇಕು, ಎಲೆಯ ತೊಟ್ಟಿಗೆ ಕಟ್ಟಬಾರದು. ಕಂಬಕ್ಕೆ ಸಿಂಪಡಿಸುವ ನೀರು ನಳದ್ದು ಅಥವಾ ಆರ್‌ಒ ಶುದ್ಧ ನೀರು. ಕಂಬ ತೇವವಿದ್ದು ಬೇರು ಕಚ್ಚಿದರೆ ಮೇಲಿನ ಎಲೆಗಳು ಒಂದಕ್ಕಿಂತ ಒಂದು ದೊಡ್ಡದಾಗುತ್ತವೆ. ಜೋತುಬಿಟ್ಟ ಬಳ್ಳಿಯಲ್ಲಿ ಎಲೆ ಚಿಕ್ಕದಾಗುತ್ತಾ ಹೋಗುವುದು ಈ ಜಾತಿಯ ಗುಣ, ಕಾಯಿಲೆಯಲ್ಲ.

ನೀರು ಹಾಕುವ ಕ್ರಮವೂ ಬದಲಾಯಿತು. ಮೇಲಿನ ಎರಡು ಇಂಚು ಒಣಗಿದಾಗ ಮಾತ್ರ, ಆಗ ಪ್ರತಿ ಸಲವೂ ಹಾಕಿದ್ದರಲ್ಲಿ ಐದನೇ ಒಂದು ಭಾಗ ತೂತಿನಿಂದ ಹೊರಬರುವಷ್ಟು. ಈ ಹೊರಬರುವ ನೀರೇ ಉಪ್ಪನ್ನು ಹೊತ್ತೊಯ್ಯುವುದು. ಇಪ್ಪತ್ತು ನಿಮಿಷದ ನಂತರ ತಟ್ಟೆ ಖಾಲಿ ಮಾಡಬೇಕು. ಗೊಬ್ಬರ ಶುರುವಾದದ್ದು ಮಣ್ಣು ಬದಲಿಸಿ ಆರು ವಾರದ ಮೇಲೆ, ಗೊಬ್ಬರದಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಅದೂ ಒದ್ದೆ ಮಣ್ಣಿಗೆ ಮಾತ್ರ.

ಬೇಸಿಗೆಯ ನೀರು

ದಸರೆಯ ಹೊತ್ತಿಗೆ ಬಳ್ಳಿಯಲ್ಲಿ ಆರು ಹೊಸ ಎಲೆ ಬಂದಿದ್ದವು, ಒಂದರ ತುದಿಯೂ ಸುಟ್ಟಿರಲಿಲ್ಲ, ಮೇಲಿನದು ಅಂಗೈಗಿಂತ ದೊಡ್ಡದು. ಬೇಸಿಗೆಯ ಸುಟ್ಟ ತುದಿಗಳು ಹಾಗೇ ಇವೆ. ಸತ್ತ ಅಂಚು ಮತ್ತೆ ಹಸಿರಾಗುವುದಿಲ್ಲ. ಬಾಟಲಿಯ ಮೂರು ಕಡ್ಡಿಗಳಲ್ಲಿ ಎರಡು ಬೇರು ಬಿಟ್ಟವು, ಅವನ್ನೂ ಅದೇ ಕುಂಡದಲ್ಲಿ ಕಂಬದ ಬರಿದಾದ ಬದಿಗೆ ನೆಡಲಾಯಿತು.

ಬರುವ ಏಪ್ರಿಲ್‌ಗೆ ಕಾಲುವೆ ಮತ್ತೆ ಬಂದ್ ಆಗುತ್ತದೆ. ಅದರ ಲೆಕ್ಕ ಈಗಲೇ ಹಾಕಿಡಬಹುದು. ದಿನಕ್ಕೆ ಅರ್ಧ ಲೀಟರಿನಂತೆ ಎರಡೂವರೆ ತಿಂಗಳಿಗೆ ಒಂದು ಗಿಡಕ್ಕೆ ಬೇಕಾದ ಒಳ್ಳೆಯ ನೀರು 38 ಲೀಟರ್, 20 ಲೀಟರಿನ ಎರಡು ಕ್ಯಾನು. ನಳದ ನೀರು ಸಿಗುವಾಗ ತುಂಬಿ, ಮುಚ್ಚಳ ಬಿಗಿದು ನೆರಳಿನಲ್ಲಿಟ್ಟರೆ ಸೊಳ್ಳೆಯ ಕಾಟವೂ ಇಲ್ಲ. ಅದೂ ಮುಗಿದರೆ ಬೋರಿನ ನೀರು ಎರಡು ಲೋಟಕ್ಕೆ ಆರ್‌ಒ ಶುದ್ಧ ನೀರು ಏಳು ಲೋಟ ಬೆರೆಸಿದರೆ ಸುಮಾರು 300 ಬರುತ್ತದೆ. ಎಸಿ ಇರುವ ಮನೆಯಲ್ಲಿ ಅದರ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನೂ ಹಿಡಿಯಬಹುದು, ಅದು ಗಾಳಿಯ ತೇವ ಹನಿಗಟ್ಟಿದ್ದು, ಉಪ್ಪು ಬಹಳ ಕಡಿಮೆ. ವರ್ಷದ ಮೊದಲ ಎರಡು ಮೂರು ದಿನದ ಧೂಳಿನ ನೀರನ್ನು ಮಾತ್ರ ಚೆಲ್ಲಬೇಕು. ಆರ್‌ಒ ಹೊರನೀರು ಬೇಸಿಗೆಯಲ್ಲಿ ನೆಲ ಒರೆಸಲು, ಪಾಯಿಖಾನೆಗೆ ಹೋಗಲಿ. ಕೂಲರ್ ತೊಟ್ಟಿಯ ನೀರು ಸೀದಾ ಚರಂಡಿಗೆ.

ಮೀಟರನ್ನು ಮುಟ್ಟಬೇಕಾದದ್ದು ವರ್ಷಕ್ಕೆ ಕೆಲವೇ ಸಲ: ಕಾಲುವೆ ಬಂದ್ ಆದ ವಾರ ಟ್ಯಾಂಕಿನ ನೀರಿಗೆ ಒಮ್ಮೆ, ಅಲ್ಲಿಂದ ಜುಲೈವರೆಗೆ ತಿಂಗಳಿಗೊಮ್ಮೆ ಬಟ್ಟಲಿನ ಪರೀಕ್ಷೆಗೆ. ಬಟ್ಟಲಿನ ಅಂಕಿ 1000 ದಾಟಿದ ದಿನ ಕುಂಡ ಬಚ್ಚಲಿಗೆ ಹೋಗಿ ಹತ್ತು ಲೀಟರಿನಲ್ಲಿ ತೊಳೆಸಿಕೊಂಡು ಬರಬೇಕು, ಎಲೆಯ ತುದಿ ಹಳದಿಯಾಗುವವರೆಗೆ ಕಾಯಬಾರದು.